ಗುಮಾಸ್ತ ಬರೆದ ವಂಶಾವಳಿ

ಇಟಲಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮನೆತನದ ಹೆಸರುಗಳಿವೆ. ಅವುಗಳಲ್ಲಿ ಎಷ್ಟೋ ಹೆಸರು ಬೆರಳೆಣಿಕೆಯ ಕುಟುಂಬಗಳಲ್ಲಷ್ಟೇ ಉಳಿದಿವೆ. ಇಂಥ ಅಪರೂಪದ ಹೆಸರು ಕಂಡರೆ ಜನ ಅದರ ಹಿಂದೆ ಕೋಟೆ ಕೊತ್ತಲ ಹುಡುಕುತ್ತಾರೆ. ಹಲವು ಬಾರಿ ಸಿಗುವುದು ಒಂದು ಹಸುಗೂಸು, ಒಂದು ದಫ್ತರ, ಒಬ್ಬ ಗುಮಾಸ್ತ. ಸಾಹಿತಿ ಉಂಬರ್ಟೊ ಎಕೊ ಹೆಸರಿನ ಬೇರೂ ಅಲ್ಲೇ ಇದೆ.

1852ರ ಜುಲೈ 17, ನೇಪಲ್ಸ್. ಸಾಂತಿಸ್ಸಿಮಾ ಅನ್ನುನ್ಸಿಯಾತಾ ಆಶ್ರಮದ ಹೊರಗೋಡೆಯಲ್ಲಿ ಒಂದು ಕಿಂಡಿ. ಅದರೊಳಗೆ ಅಚ್ಚಿನ ಮೇಲೆ ತಿರುಗುವ ಮರದ ಪೀಪಾಯಿ, ಜನರ ಬಾಯಲ್ಲಿ ‘ಚಕ್ರ’. ಬೀದಿಯಲ್ಲಿ ನಿಂತವರು ಕೂಸನ್ನು ಅದರಲ್ಲಿಟ್ಟು ತಿರುಗಿಸಿ ಗಂಟೆ ಹೊಡೆದರೆ ಸಾಕು, ಕೂಸು ಗೋಡೆಯಾಚೆ ಸೇರುತ್ತದೆ. ಇಟ್ಟವರ ಮುಖ ಎತ್ತಿಕೊಂಡವರಿಗೆ ಕಾಣುವುದಿಲ್ಲ. ಎತ್ತಿಕೊಂಡವರ ಮುಖ ಇಟ್ಟವರಿಗೂ ಕಾಣುವುದಿಲ್ಲ.

ಆ ದಿನ ಈ ಆಶ್ರಮದ ಪಾಲಿಗೆ ಬಂದದ್ದು ಹಿಂದಿನ ದಿನವಷ್ಟೇ ಹುಟ್ಟಿದ ಒಂದು ಗಂಡುಕೂಸು. ದಫ್ತರದಲ್ಲಿ ವಿಂಚೆನ್ಸೊ ಎಂದು ಹೆಸರು ಬಿತ್ತು. ಮನೆತನದ ಹೆಸರೂ ಬೇಕಲ್ಲ? ‘ಜೆನಿತೊ’ ಎಂದು ಬರೆಯಬೇಕಿತ್ತು, ಹುಟ್ಟಿದವನು ಎಂಬರ್ಥದಲ್ಲಿ. ಬರೆಯುವವರ ಕೈತಪ್ಪಿನಿಂದ ಅದು ‘ಜೆಮಿತೊ’ ಆಯಿತು. ಹಾಗೆಂದರೆ ನರಳಾಟ. ತಪ್ಪಾಗಿದೆ ಎಂದು ಹೇಳಲು ಆ ಕೂಸಿನ ಕಡೆಯವರು ಯಾರೂ ಇರಲಿಲ್ಲ.

ಬಡ ಕುಟುಂಬವೊಂದು ಸಾಕಿ ಬೆಳೆಸಿದ ಆ ಹುಡುಗ ಮುಂದೆ ಇಟಲಿಯ ದೊಡ್ಡ ಶಿಲ್ಪಿಗಳಲ್ಲಿ ಒಬ್ಬನಾದ. 1877ರಲ್ಲಿ ಪ್ಯಾರಿಸ್‌ನ ಸಲೋನ್ ಪ್ರದರ್ಶನದಲ್ಲಿ ಅವನ ಬೆಸ್ತರ ಹುಡುಗನ ಕಂಚಿನ ಮೂರ್ತಿಯ ಮುಂದೆ ಜನ ನೆರೆದರು. ನೇಪಲ್ಸ್ ಅರಮನೆಯ ಮುಂಭಾಗದ ಗೂಡುಗಳಲ್ಲಿ ನಿಂತಿರುವ ದೊರೆಗಳ ಸಾಲಿನಲ್ಲಿ ಐದನೇ ಚಾರ್ಲ್ಸ್‌ನನ್ನು ರೂಪಿಸಿದವನೂ ಅವನೇ. ವಿಂಚೆನ್ಸೊ ಜೆಮಿತೊ ಎಂಬ ಹೆಸರು ಕಲಾಚರಿತ್ರೆಯಲ್ಲಿ ಉಳಿಯಿತು. ಅದರ ಹಿಂದೆ ಊರಿಲ್ಲ, ಕಸುಬಿಲ್ಲ, ಮುತ್ತಜ್ಜನಿಲ್ಲ. ಇರುವುದು ಒಂದು ಬರಹದ ತಪ್ಪು.

ಎಕೊ ಎಂಬ ಮೂರಕ್ಷರ

ಈ ವರ್ಷ ಇಟಲಿಯಲ್ಲಿ ಇನ್ನೊಂದು ಅಪರೂಪದ ಹೆಸರು ಮತ್ತೆ ಮಾತಿಗೆ ಬಂದಿದೆ. ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯ ಲೇಖಕ ಉಂಬರ್ಟೊ ಎಕೊ 2016ರ ಫೆಬ್ರುವರಿ 19ರಂದು ಮಿಲಾನ್‌ನಲ್ಲಿ ತೀರಿಕೊಂಡರು. ತಮ್ಮ ಕುರಿತು ಹತ್ತು ವರ್ಷ ಯಾವ ವಿಚಾರ ಸಂಕಿರಣವನ್ನೂ ನಡೆಸಬೇಡಿ ಎಂದು ಉಯಿಲಿನಲ್ಲಿ ಕೋರಿದ್ದರು. ಆ ಗಡುವು 2026ರ ಫೆಬ್ರುವರಿಗೆ ಮುಗಿಯಿತು.

ಎಕೊ ಹುಟ್ಟಿದ್ದು 1932ರಲ್ಲಿ, ಪಿಯೆಮಾಂಟ್ ಪ್ರಾಂತ್ಯದ ಅಲೆಸ್ಸಾಂಡ್ರಿಯಾದಲ್ಲಿ. ಅವರ ಅಜ್ಜ ಹೆತ್ತವರು ಬಿಟ್ಟುಹೋದ ಕೂಸು. ಹೆಸರು ಕೊಟ್ಟದ್ದು ನಗರಸಭೆಯ ಒಬ್ಬ ಅಧಿಕಾರಿ.

ಈ ಹೆಸರು ಎಲ್ಲಿಂದ ಬಂತು ಎಂಬುದು ಎಕೊಗೆ ತಿಳಿದದ್ದು ಬಹಳ ತಡವಾಗಿ. ವ್ಯಾಟಿಕನ್ ಗ್ರಂಥಾಲಯದಲ್ಲಿ ಜೆಸ್ಯೂಟರ ಸಂಕ್ಷಿಪ್ತಾಕ್ಷರಗಳ ಪಟ್ಟಿ ನೋಡುತ್ತಿದ್ದ ಸ್ನೇಹಿತರೊಬ್ಬರ ಕಣ್ಣಿಗೆ ಇ, ಸಿ, ಒ ಎಂಬ ಮೂರು ರೋಮನ್ ಅಕ್ಷರಗಳು ಬಿದ್ದವು ಎಂದು 2011ರ ಸಂದರ್ಶನದಲ್ಲಿ ಅವರು ಹೇಳಿದ್ದರು. ‘ಎಕ್ಸ್ ಚೆಲಿಸ್ ಒಬ್ಲಾತುಸ್’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳವು: ಸ್ವರ್ಗ ಕೊಟ್ಟ ಕಾಣಿಕೆ. ತಮ್ಮ ಹೆಸರಿನ ಮೂಲ ಇದೇ ಇರಬೇಕು ಎಂದು ಎಕೊ ಭಾವಿಸಿದ್ದರು.

1988ರಲ್ಲಿ ಬಂದ ‘ಫೂಕೋಸ್ ಪೆಂಡುಲಮ್’ ಕಾದಂಬರಿಯ ಮೂವರು ಮುಖ್ಯ ಪಾತ್ರಗಳಲ್ಲಿ ಒಬ್ಬನಿಗೆ ಅವರಿಟ್ಟ ಹೆಸರು ದಿಯೊತಾಲ್ಲೆವಿ. ‘ದೇವರೇ ನಿನ್ನನ್ನು ಸಾಕಲಿ’ ಎಂಬರ್ಥದ ಈ ಹೆಸರನ್ನೂ ಇಟಲಿಯಲ್ಲಿ ಅನಾಥ ಶಿಶುಗಳಿಗೆ ಇಡುತ್ತಿದ್ದರು. ಅಜ್ಜನ ಕಥೆಯನ್ನು ಮೊಮ್ಮಗ ಮರೆತಿರಲಿಲ್ಲ.

ಹೆಸರು ಗಟ್ಟಿಯಾದ ಬಗೆ

ಚೀನಾದಲ್ಲಿ ನೂರು ಮನೆತನದ ಹೆಸರುಗಳೊಳಗೆ ಬಹುಪಾಲು ಜನ ಸೇರಿಬಿಡುತ್ತಾರೆ. ದಕ್ಷಿಣ ಕೊರಿಯಾದಲ್ಲಿ ಕಿಮ್, ಲೀ, ಪಾರ್ಕ್ ಎಂಬ ಮೂರೇ ಹೆಸರಿಗೆ ಶೇ 45ರಷ್ಟು ಜನ. ಇಟಲಿಯದು ಇದಕ್ಕೆ ತದ್ವಿರುದ್ಧ ಲೆಕ್ಕ. ಅಲ್ಲಿ ಅತಿ ಸಾಮಾನ್ಯ ಹೆಸರಾದ ರೊಸ್ಸಿಯ ಪಾಲು ಸುಮಾರು 5.9 ಕೋಟಿ ಜನಸಂಖ್ಯೆಯಲ್ಲಿ ಶೇ 1ನ್ನೂ ಮುಟ್ಟುವುದಿಲ್ಲ. ತಲೆಯ ಕಡೆ ಸಣ್ಣದು, ಬಾಲದ ಕಡೆ ಬಲು ಉದ್ದ. ಆ ಬಾಲದಲ್ಲಿ ಇರುವುದೆಲ್ಲ ಅಪರೂಪದ ಹೆಸರುಗಳೇ.

ಈ ಹೆಸರುಗಳಿಗೆ ಅನಾದಿಕಾಲದ ವಯಸ್ಸೇನಿಲ್ಲ. 1427ರಲ್ಲಿ ಫ್ಲಾರೆನ್ಸ್ ಗಣರಾಜ್ಯ ತೆರಿಗೆಗಾಗಿ ಮನೆಮನೆಯ ಆಸ್ತಿ ಲೆಕ್ಕ ಬರೆಸಿತು. ‘ಕತಾಸ್ತೊ’ ಎಂಬ ಆ ದಾಖಲೆಯಲ್ಲಿ ಫ್ಲಾರೆನ್ಸ್ ನಗರದಲ್ಲೇ ಮನೆತನದ ಹೆಸರಿದ್ದವರು ಮೂರನೇ ಒಂದು ಭಾಗದಷ್ಟು ಮಾತ್ರ. ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಉಳಿದವರು ಇಂಥವರ ಮಗ ಇಂಥವನು ಎಂದೇ ಬರೆಸಿದರು.

ಹೆಸರನ್ನು ಬಿಗಿಯಾಗಿ ಕಟ್ಟಿದ್ದು ಚರ್ಚು. 1563ರಲ್ಲಿ ಟ್ರೆಂಟ್ ಧರ್ಮಸಭೆ ಪ್ರತಿ ಪಾದ್ರಿಯೂ ಮದುವೆಯ ದಾಖಲೆ ಇಡಬೇಕೆಂದು ವಿಧಿಸಿತು. ದೀಕ್ಷಾಸ್ನಾನದ ದಾಖಲೆಯೂ ಅದರೊಂದಿಗೆ ನೆಲೆನಿಂತಿತು. ಹತ್ತಿರದ ನೆಂಟರೊಳಗೆ ಮದುವೆ ಆಗದಂತೆ ನೋಡಿಕೊಳ್ಳುವುದು ಅದರ ಒಂದು ಉದ್ದೇಶ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯಲು ತಲೆಮಾರಿನಿಂದ ತಲೆಮಾರಿಗೆ ಬದಲಾಗದ ಹೆಸರು ಬೇಕಿತ್ತು. ರಾಷ್ಟ್ರ ಒಂದಾದ ಮೇಲೆ, 1866ರ ಜನವರಿ 1ರಿಂದ ಈ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು.

ತಂದೆಯ ಹೆಸರು ಗೊತ್ತಿದ್ದವರಿಗೆ ಇದರಿಂದ ತೊಡಕಾಗಲಿಲ್ಲ. ಗೊತ್ತಿಲ್ಲದ ಮಕ್ಕಳ ಮುಂದೆ ದಫ್ತರದ ಒಂದು ಅಂಕಣ ಖಾಲಿ ಉಳಿಯಿತು.

[ಬಾಕ್ಸ್] ನಗರಕ್ಕೊಂದು ಮುದ್ರೆ

ಎಸ್ಪೊಸಿತೊ: ನೇಪಲ್ಸ್. ‘ಹೊರಗೆ ಇಡಲಾದ’ ಕೂಸು. ಇಂದು ಇಡೀ ಇಟಲಿಯ ಅತಿ ಸಾಮಾನ್ಯ ಹೆಸರುಗಳಲ್ಲಿ ಒಂದು.

ಇನ್ನೊಚೆಂತಿ, ದೆಲ್ಯಿ ಇನ್ನೊಚೆಂತಿ: ಫ್ಲಾರೆನ್ಸ್. ‘ಮುಗ್ಧರ ಆಸ್ಪತ್ರೆ’ಯ ಹೆಸರಿನಿಂದ.

ಪ್ರೊಯೆತ್ತಿ: ರೋಮ್. ‘ಎಸೆಯಲಾದ’ ಎಂಬ ಲ್ಯಾಟಿನ್ ಮೂಲ.

ಕೊಲೊಂಬೊ: ಮಿಲಾನ್. ನಗರದ ದೊಡ್ಡಾಸ್ಪತ್ರೆಯ ಲಾಂಛನದಲ್ಲಿದ್ದ ಪಾರಿವಾಳದಿಂದ.

ದೆಲ್ಯಿ ಎಸ್ಪೊಸ್ತಿ: ಬೊಲೋನ್ಯಾ.

ಈ ಹೆಸರಿನವರೆಲ್ಲರ ಪೂರ್ವಜರೂ ಅನಾಥ ಶಿಶುಗಳೆಂದಲ್ಲ. ಕೊಲೊಂಬೊ ಎಂಬುದು ಬೇರೆ ದಾರಿಗಳಿಂದಲೂ ಬಂದಿದೆ. ಜಿನೋವಾದ ನಾವಿಕ ಕ್ರಿಸ್ಟೋಫರ್ ಕೊಲಂಬಸ್‌ನ ಇಟಾಲಿಯನ್ ಹೆಸರೂ ಅದೇ.

ಚಕ್ರಕ್ಕೆ ಬಂದವರು

ಫ್ಲಾರೆನ್ಸ್‌ನ ‘ಮುಗ್ಧರ ಆಸ್ಪತ್ರೆ’ಯನ್ನು ರೇಷ್ಮೆ ವರ್ತಕರ ಸಂಘ ಕಟ್ಟಿಸಿತು. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿಯದು. ಬಾಗಿಲು ತೆರೆದದ್ದು 1445ರಲ್ಲಿ. ಆ ವರ್ಷದ ಫೆಬ್ರುವರಿ 5ರಂದು ಮೊದಲ ಕೂಸು ಬಂತು. ಅಂದು ಸಂತ ಅಗಾಥಾಳ ಹಬ್ಬ, ಬಂದದ್ದು ಹೆಣ್ಣುಮಗು. ಅಗಾತಾ ಸ್ಮೆರಾಲ್ದಾ ಎಂದು ಹೆಸರಿಟ್ಟರು.

ಎಷ್ಟೋ ತಾಯಂದಿರು ಕೂಸಿನ ಬಟ್ಟೆಯೊಳಗೆ ಗುರುತಿನ ವಸ್ತು ಇಡುತ್ತಿದ್ದರು: ಅರ್ಧಕ್ಕೆ ಕತ್ತರಿಸಿದ ಪದಕ, ಮುರಿದ ನಾಣ್ಯ, ಜಪಮಾಲೆಯ ತುಂಡು. ಮತ್ತರ್ಧ ತಮ್ಮ ಬಳಿ. ಮುಂದೊಂದು ದಿನ ಎರಡನ್ನೂ ಹೊಂದಿಸಿ ಮಗುವನ್ನು ಕರೆದೊಯ್ಯುವ ಆಸೆ. ಹತ್ತೊಂಬತ್ತನೇ ಶತಮಾನದ ಅಂಥ ತುಂಡುಗಳು ಈಗ ಆ ಆಸ್ಪತ್ರೆಯ ವಸ್ತುಸಂಗ್ರಹಾಲಯದಲ್ಲಿವೆ. ಯಾರೂ ಬಂದು ಹೊಂದಿಸದೆ ಉಳಿದವು ಅವು.

ಬಿಟ್ಟುಹೋದವರೆಲ್ಲ ಮದುವೆಯಾಗದ ಹೆಣ್ಣುಮಕ್ಕಳಲ್ಲ. ಅವರ ಮೇಲೆ ಪಾದ್ರಿಯ, ಸೂಲಗಿತ್ತಿಯ, ಊರಿನ ಒತ್ತಡವಿತ್ತು, ನಿಜ. ಆದರೆ ಹೊಟ್ಟೆಗಿಲ್ಲದ ಗಂಡಹೆಂಡಿರೂ ಕಿಂಡಿಯ ಮುಂದೆ ನಿಂತರು. ಮಿಲಾನ್‌ನಲ್ಲಿ ದುಡಿಯುವ ದಂಪತಿ ಕೂಸನ್ನು ಅಲ್ಲಿನ ಆಶ್ರಮದಲ್ಲಿ ಬಿಟ್ಟು, ಬೆಳೆದ ಮೇಲೆ ಮರಳಿ ಕರೆದೊಯ್ಯುವುದೂ ಇತ್ತು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಇಟಲಿಯಲ್ಲಿ ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಇಂಥ ಚಕ್ರಗಳು ತಿರುಗುತ್ತಿದ್ದವು. ವರ್ಷಕ್ಕೆ ಹತ್ತಾರು ಸಾವಿರ ಕೂಸುಗಳು ಬರುತ್ತಿದ್ದವು.

ಬಂದವರಲ್ಲಿ ಬದುಕಿದವರು ಕಡಿಮೆ. ಎದೆಹಾಲು ಕೊಡುವ ದಾದಿಯರು ಸಾಲುತ್ತಿರಲಿಲ್ಲ, ಸೋಂಕು ಹಬ್ಬುತ್ತಿತ್ತು. ಎಷ್ಟೋ ಆಶ್ರಮಗಳಲ್ಲಿ ವರ್ಷ ತುಂಬುವ ಮೊದಲೇ ಅರ್ಧಕ್ಕರ್ಧ ಕೂಸುಗಳು ಮಣ್ಣು ಸೇರುತ್ತಿದ್ದವು.

ಮುದ್ರೆಯಿಂದ ಹೆಸರಿಗೆ

ಮೊದಮೊದಲು ಎಲ್ಲ ಕೂಸುಗಳಿಗೂ ಒಂದೇ ಹೆಸರು. ನೇಪಲ್ಸ್‌ನಲ್ಲಿ ಎಸ್ಪೊಸಿತೊ, ಮಿಲಾನ್‌ನಲ್ಲಿ ಕೊಲೊಂಬೊ. ಬದುಕಿ ಬೆಳೆದವನು ಕೆಲಸ ಕೇಳಲು ಹೋದಾಗ, ಹೆಣ್ಣು ಕೇಳಲು ಹೋದಾಗ ಹೆಸರು ಹೇಳಿದರೆ ಸಾಕು, ಎದುರಿದ್ದವರಿಗೆ ಹುಟ್ಟಿನ ಕಥೆ ತಿಳಿಯುತ್ತಿತ್ತು. ಅವನ ಮಗನಿಗೂ ಅದೇ, ಮೊಮ್ಮಗನಿಗೂ ಅದೇ. ಸಾಕಿದ ಕೈಯೇ ಹಣೆಗೆ ಬರೆ ಹಾಕಿತ್ತು.

ಈ ಬರೆ ಬೇಡವೆಂಬ ಅರಿವು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮೂಡಿತು. 1808ರಿಂದ 1815ರವರೆಗೆ ನೇಪಲ್ಸ್ ಆಳಿದ ನೆಪೋಲಿಯನ್ನನ ಭಾವಮೈದುನ ಜೊವಾಕಿಂ ಮುರಾಟ್‌ನ ಕಾಲದಲ್ಲಿ ಅನಾಥ ಶಿಶುಗಳಿಗೆ ಎಸ್ಪೊಸಿತೊ ಎಂದು ಹೆಸರಿಡುವ ಪದ್ಧತಿ ಕೊನೆಗೊಂಡಿತು. ಮಿಲಾನ್ ಕೂಡ ಕೆಲವೇ ವರ್ಷಗಳಲ್ಲಿ ಕೊಲೊಂಬೊ ಬಿಟ್ಟಿತು.

ಇನ್ನು ಗುಮಾಸ್ತರು ಕೂಸಿಗೊಂದು ಹೊಸ ಹೆಸರು ಹುಡುಕಬೇಕಾಯಿತು. ಅದು ಹುಟ್ಟಿನ ಗುಟ್ಟು ಬಿಟ್ಟುಕೊಡಬಾರದು, ಊರಿನ ದೊಡ್ಡ ಮನೆತನದ ಹೆಸರಿಗೆ ತಗಲಲೂಬಾರದು. ತಿಂಗಳ ಹೆಸರು, ಹೂವಿನ ಹೆಸರು, ದೂರದ ಊರಿನ ಹೆಸರು, ಪುರಾಣದ ಹೆಸರು ಎಲ್ಲವೂ ಬಂದವು. ಕೆಲವೆಡೆ ವರ್ಷಕ್ಕೊಂದು ಅಕ್ಷರ ಗೊತ್ತುಮಾಡಿಕೊಂಡು ಆ ಅಕ್ಷರದಿಂದಲೇ ಹೆಸರು ಕಟ್ಟಿದರು. ಜೆಮಿತೊ ಹುಟ್ಟಿದ್ದು, ಎಕೊ ಹುಟ್ಟಿದ್ದು ಇಂಥ ಮೇಜುಗಳ ಮೇಲೆ.

ಇಟಲಿಯ ಅಪರೂಪದ ಹೆಸರುಗಳ ಒಂದು ದೊಡ್ಡ ಪಾಲು ಅರ್ಥವಾಗುವುದು ಇಲ್ಲೇ. ಎಸ್ಪೊಸಿತೊ ಲಕ್ಷಾಂತರ ಜನರನ್ನು ಗುಂಪಾಗಿ ಗುರುತಿಸಿದ ಮುದ್ರೆ. ಎಕೊ ಒಂದೇ ಮಗುವಿಗಾಗಿ ಒಬ್ಬ ಮನುಷ್ಯ ಕುಳಿತು ಯೋಚಿಸಿದ ಹೆಸರು. ಅದನ್ನು ಹೊತ್ತವರು ಕಡಿಮೆ ಇರುವುದಕ್ಕೆ ಕಾರಣ ಆ ಯೋಚನೆ. ಆಡಳಿತ ಕರುಣೆ ಕಲಿತ ಗುರುತು ಜನಸಂಖ್ಯೆಯ ಅಂಕಿಯಲ್ಲಿ ಉಳಿದಿದೆ.

ಲೇಖನಿ ಎಲ್ಲ ಕಾಲದಲ್ಲೂ ಕರುಣೆಯಿಂದ ಓಡಲಿಲ್ಲ. ಮುಸೊಲಿನಿಯ ಆಡಳಿತ 1926 ಮತ್ತು 1927ರ ಆಜ್ಞೆಗಳಿಂದ ಮೊದಲು ಟ್ರೆಂಟೊ ಸೀಮೆಯಲ್ಲಿ, ಬಳಿಕ ಟ್ರಿಯೆಸ್ಟೆ ಸುತ್ತಿನ ಗಡಿನಾಡಿನಲ್ಲಿ ಮನೆತನದ ಹೆಸರುಗಳನ್ನು ಇಟಾಲಿಯನ್ ರೂಪಕ್ಕೆ ತಿರುಗಿಸಲು ಹೊರಟಿತು. ಸ್ಲೊವೀನ್, ಕ್ರೊಯೇಷಿಯನ್ ಕುಟುಂಬಗಳು ತಲೆಮಾರುಗಳಿಂದ ಹೊತ್ತಿದ್ದ ಹೆಸರು ಕಳೆದುಕೊಂಡವು. ಅಲ್ಲಿಯೂ ಹೊಸ ಹೆಸರುಗಳು ಹುಟ್ಟಿದವು, ಇದ್ದದ್ದನ್ನು ಅಳಿಸಿ.

[ಬಾಕ್ಸ್] ಕೊನೆಯಕ್ಷರ ಹೇಳುವ ಊರು

ಇಟಲಿಯಲ್ಲಿ ಹೆಸರಿನ ತುದಿ ನೋಡಿ ಮೂಲ ಸೀಮೆ ಊಹಿಸಬಹುದು. ‘ಉ’ ಅಥವಾ ‘ಸ್’ನಲ್ಲಿ ಮುಗಿಯುವ ಕೊಸ್ಸು, ಪಿರಾಸ್, ಮೆಲಿಸ್ ಸಾರ್ಡೀನಿಯಾದವು. ‘ಇನ್’, ‘ಆನ್’, ‘ಓನ್’ ವೆನಿಸ್ ಸೀಮೆಯವು. ‘ಇನಿ’ ಟಸ್ಕನಿಯಲ್ಲಿ, ‘ಘಿ’ ಲೊಂಬಾರ್ಡಿಯಲ್ಲಿ, ‘ಉತ್ತಿ’ ಫ್ರಿಯುಲಿಯಲ್ಲಿ ಹೆಚ್ಚು. ಸುತ್ತಲಿನ ಮಾತಿಗೆ, ನೆಲಕ್ಕೆ ಯಾವ ನಂಟೂ ಇಲ್ಲದ ಹೆಸರು ಒಂದು ಊರಿನಲ್ಲಿ ಇದ್ದಕ್ಕಿದ್ದಂತೆ ಕಾಣಿಸಿಕೊಂಡು, ಅದಕ್ಕೂ ಹಿಂದಿನ ಚರ್ಚಿನ ದಾಖಲೆಗಳಲ್ಲಿ ಸುಳಿವಿಲ್ಲದಿದ್ದರೆ ಸಂಶೋಧಕರು ಅನಾಥಾಶ್ರಮದ ದಫ್ತರ ತೆರೆಯುತ್ತಾರೆ.

ಹೆಸರು ಅಳಿಯುವ ಗಣಿತ

ಹುಟ್ಟಿದ ಹೆಸರೆಲ್ಲ ಉಳಿಯುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಪ್ರತಿಷ್ಠಿತ ಮನೆತನಗಳ ಹೆಸರುಗಳು ಏಕೆ ಕಣ್ಮರೆಯಾಗುತ್ತಿವೆ ಎಂಬ ಪ್ರಶ್ನೆ ಯುರೋಪನ್ನು ಕಾಡಿತು. ವಂಶದ ಸತ್ವ ಕುಂದಿತೇ ಎಂದು ಕೇಳಿದವರೂ ಇದ್ದರು. 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಇದನ್ನು ಗಣಿತದ ಸಮಸ್ಯೆಯಾಗಿ ಮುಂದಿಟ್ಟರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಾಟ್ಸನ್ ಬಿಡಿಸಲು ತೊಡಗಿದರು. 1874ರಲ್ಲಿ ಇಬ್ಬರ ಬರಹ ಪ್ರಕಟವಾಯಿತು.

ಆ ಸಮಸ್ಯೆಗೆ ಇಂದು ಒಪ್ಪಿತವಾದ ಉತ್ತರ ಇಷ್ಟು. ಹೆಸರು ಗಂಡುಮಕ್ಕಳ ಮೂಲಕವೇ ದಾಟುವುದಾದರೆ, ಒಬ್ಬ ಗಂಡಸಿಗೆ ಬದುಕುಳಿಯುವ ಗಂಡುಮಕ್ಕಳ ಸರಾಸರಿ ಒಂದನ್ನು ಮೀರದಿದ್ದರೆ, ಆ ಹೆಸರು ಒಂದಲ್ಲ ಒಂದು ತಲೆಮಾರಿನಲ್ಲಿ ಅಳಿಯುವುದು ಖಚಿತ. ಮೀರಿದರೂ ಅಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ಒಬ್ಬನಿಗೆ ಬರೀ ಹೆಣ್ಣುಮಕ್ಕಳು, ಇನ್ನೊಬ್ಬ ಯುದ್ಧದಲ್ಲಿ ಸತ್ತ, ಮತ್ತೊಬ್ಬ ಮದುವೆಯಾಗಲಿಲ್ಲ: ಅಷ್ಟು ಸಾಕು. ಇದರಲ್ಲಿ ಸತ್ವದ ಮಾತಿಲ್ಲ, ಆಕಸ್ಮಿಕವಷ್ಟೇ.

ಈ ಲೆಕ್ಕವನ್ನು ಅನಾಥಾಶ್ರಮದ ದಫ್ತರದ ಮೇಲೆ ಇಟ್ಟು ನೋಡಿ. ಕಟ್ಟಿದ ಹೆಸರುಗಳಲ್ಲಿ ಅರ್ಧದಷ್ಟು ಕೂಸಿನೊಂದಿಗೇ ಹೋದವು. ಉಳಿದವುಗಳಲ್ಲಿ ಸುಮಾರು ಅರ್ಧ ಹೆಣ್ಣುಮಕ್ಕಳವು. ಅವರು ಮದುವೆಯಾದರೆ ಮಕ್ಕಳಿಗೆ ಗಂಡನ ಮನೆತನದ ಹೆಸರು. ಮಿಕ್ಕವು ಒಬ್ಬೊಬ್ಬ ಗಂಡಿನ ಹೆಗಲ ಮೇಲೆ ಹೊರಟವು, ಅಣ್ಣತಮ್ಮಂದಿರ, ದಾಯಾದಿಗಳ ಆಸರೆಯಿಲ್ಲದೆ. ಇಂದಿನ ಪಟ್ಟಿಯಲ್ಲಿ ಹತ್ತೋ ಇಪ್ಪತ್ತೋ ಮನೆಗಳಲ್ಲಿ ಕಾಣುವ ಇಂಥ ಹೆಸರು ಈ ಜರಡಿಯೆಲ್ಲ ದಾಟಿ ಬಂದದ್ದು.

ಎಣಿಸುವವರು, ಓದುವವರು

ಹೆಸರುಗಳನ್ನು ಎಣಿಸಲು ವಿದ್ವಾಂಸರಿಗೆ ಮೊದಲು ಒದಗಿದ್ದು ಟೆಲಿಫೋನ್ ಡೈರೆಕ್ಟರಿ. ಭಾಷಾಶಾಸ್ತ್ರಜ್ಞ ಎಮಿದಿಯೊ ದೆ ಫೆಲಿಚೆ 1980ರಲ್ಲಿ ಡೈರೆಕ್ಟರಿಗಳನ್ನೇ ಆಧರಿಸಿ ಇಟಲಿಯ ಮನೆತನದ ಹೆಸರುಗಳ ಅಂಕಿಅಂಶ ತಂದರು. ಅದು ಫೋನಿದ್ದ ಮನೆಗಳ ಲೆಕ್ಕ, ತಲೆಗಳ ಲೆಕ್ಕವಲ್ಲ. ಮನೆಯ ಫೋನು ಗಂಡನ ಹೆಸರಿನಲ್ಲಿದ್ದರೆ ಹೆಂಡತಿಯ ಮನೆತನದ ಹೆಸರು ಅಲ್ಲಿಲ್ಲ. ಇಟಲಿಯಲ್ಲಿ ಮದುವೆಯಾದ ಮೇಲೂ ಹೆಣ್ಣು ತನ್ನ ಹೆಸರನ್ನು ಉಳಿಸಿಕೊಳ್ಳುತ್ತಾಳೆ ಎಂಬುದನ್ನು ನೆನೆದರೆ, ಇದು ಸಣ್ಣ ಕೊರತೆಯಲ್ಲ.

ಅಂಕಿಗಳಿಂದ ಅಚ್ಚರಿಯ ಸಂಗತಿಗಳು ಹೊರಬಂದಿವೆ. ತಳಿವಿಜ್ಞಾನಿ ಲೂಯಿಜಿ ಲೂಕಾ ಕವಾಲ್ಲಿ-ಸ್ಫೋರ್ಜಾ 1950ರ ದಶಕದಿಂದ ಪಾರ್ಮಾ ಕಣಿವೆಯ ಚರ್ಚ್ ದಾಖಲೆಗಳನ್ನು ಜಾಲಾಡಿದರು. ಜತೆಗಿದ್ದವರು ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಅಂತೋನಿಯೊ ಮೊರೋನಿ. ಬೆಟ್ಟದ ಮೇಲಿನ ಪುಟ್ಟ ಹಳ್ಳಿಗಳಲ್ಲಿ ನೆಂಟರೊಳಗಿನ ಮದುವೆ ಹೆಚ್ಚು, ಹಳ್ಳಿಯಿಂದ ಹಳ್ಳಿಗೆ ರಕ್ತದ ಗುಂಪುಗಳಲ್ಲಿ ವ್ಯತ್ಯಾಸವೂ ಹೆಚ್ಚು. ಬಯಲಿನ ಊರುಗಳಲ್ಲಿ ಅದು ಕಡಿಮೆ. ಆಕಸ್ಮಿಕವು ಹೆಸರನ್ನು ಅಳಿಸುವಂತೆ, ಉಳಿಸುವಂತೆ ವಂಶವಾಹಿಯನ್ನೂ ಆಡಿಸುತ್ತದೆ ಎಂಬುದಕ್ಕೆ ಅದು ಪುರಾವೆಯಾಯಿತು.

ಬ್ಯಾಂಕ್ ಆಫ್ ಇಟಲಿಯ ಅರ್ಥಶಾಸ್ತ್ರಜ್ಞರಾದ ಗುಲ್ಯೆಲ್ಮೊ ಬರೋನೆ ಮತ್ತು ಸೌರೊ ಮೊಚೆತ್ತಿ 1427ರ ಫ್ಲಾರೆನ್ಸ್ ತೆರಿಗೆ ದಾಖಲೆಯನ್ನು 2011ರ ತೆರಿಗೆದಾರರ ಪಟ್ಟಿಯೊಂದಿಗೆ ಹೋಲಿಸಿದರು. ಆರು ಶತಮಾನ ದಾಟಿ ಉಳಿದ ನೂರಾರು ಹೆಸರುಗಳು ಸಿಕ್ಕವು. ಅಂದು ಸಿರಿವಂತರ ಸಾಲಿನಲ್ಲಿದ್ದ ಹೆಸರುಗಳೇ ಇಂದೂ ಮೇಲಿನ ಸಾಲಿನಲ್ಲಿದ್ದವು. ಹೆಸರಿನ ಜತೆ ಆಸ್ತಿಯೂ ಅನುಕೂಲವೂ ಕೈದಾಟುತ್ತವೆ. ಹೆಸರೇ ಇಲ್ಲದೆ ಬಂದ ಕೂಸು ಎಷ್ಟು ಹಿಂದಿನಿಂದ ಓಟ ಶುರುಮಾಡಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಳತೆ ಬೇಡ.

ಪಟ್ಟಿ ಬದಲಾಗುತ್ತಲೂ ಇದೆ. 1861ರಿಂದ ನೂರು ವರ್ಷಗಳಲ್ಲಿ ಎರಡು ಕೋಟಿಗೂ ಹೆಚ್ಚು ಇಟಾಲಿಯನ್ನರು ಬದುಕು ಅರಸಿ ಹೊರಟರು. ತವರಿನಲ್ಲಿ ಒಣಗಿದ ಹೆಸರು ಬ್ರೆಜಿಲ್‌ನಲ್ಲೋ ಅರ್ಜೆಂಟೀನಾದಲ್ಲೋ ಹಬ್ಬಿರಬಹುದು. ಇತ್ತ ಮಿಲಾನ್‌ನ ಅತಿ ಸಾಮಾನ್ಯ ಹೆಸರುಗಳ ಸಾಲಿಗೆ ಚೀನಾದ ‘ಹು’ ಸೇರಿದೆ. ಪೊ ನದಿಯ ಬಯಲಿನಲ್ಲಿ ಹಸು ಕರೆಯುವ, ಚೀಸ್‌ಗೆ ಹಾಲು ಒದಗಿಸುವ ಕೊಟ್ಟಿಗೆಗಳಲ್ಲಿ ಪಂಜಾಬಿನ ಸಿಂಗ್, ಕೌರ್‌ಗಳು ದುಡಿಯುತ್ತಾರೆ. ಅವರ ಮಕ್ಕಳ ಜನನ ಈಗ ಅಲ್ಲಿನ ನಗರಸಭೆಗಳಲ್ಲೇ ದಾಖಲಾಗುತ್ತದೆ.

[ಬಾಕ್ಸ್] ದಫ್ತರದ ದಿನಚರಿ

1198: ರೋಮ್‌ನ ಸಾಂತೊ ಸ್ಪಿರಿತೊ ಆಸ್ಪತ್ರೆಯಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಕೂಸಿನ ಚಕ್ರ ಇರಿಸಿದರೆಂಬ ಪ್ರತೀತಿ.

1875: ಫ್ಲಾರೆನ್ಸ್, ನೇಪಲ್ಸ್ ಚಕ್ರಗಳಿಗೆ ಬೀಗ.

1923: ದೇಶದೆಲ್ಲೆಡೆ ಚಕ್ರ ರದ್ದು.

1955: ಗುರುತಿನ ಪತ್ರಗಳಲ್ಲಿ ತಂದೆ ತಾಯಿಯ ಹೆಸರು ಬರೆಯುವುದನ್ನು ಕಾನೂನು ಕೈಬಿಟ್ಟಿತು. ತಂದೆ ಯಾರೆಂದು ತಿಳಿಯದವರ ಪತ್ರದಲ್ಲಿ ಕಾಣುತ್ತಿದ್ದ ‘ಎನ್.ಎನ್.’ ಎಂಬ ಅಕ್ಷರಗಳೂ ಹೋದವು.

2000: ಹೆತ್ತವರು ತಿಳಿಯದ ಮಗುವಿಗೆ ಹುಟ್ಟನ್ನು ಸೂಚಿಸುವ ಹೆಸರನ್ನಾಗಲಿ, ಚಾರಿತ್ರಿಕ ಮನೆತನದ ಹೆಸರನ್ನಾಗಲಿ ಇಡಬಾರದೆಂದು ನೋಂದಣಿ ನಿಯಮ ಹೇಳಿತು. ಹೆಸರು ಕೊಡುವ ಹೊಣೆ ಇಂದಿಗೂ ನೋಂದಣಿ ಅಧಿಕಾರಿಯದು.

ತಾಯಿಯ ಪಾಲು

2024ರಲ್ಲಿ ಇಟಲಿಯಲ್ಲಿ ಹುಟ್ಟಿದ ಮಕ್ಕಳು ಸುಮಾರು 3.7 ಲಕ್ಷ. ಒಬ್ಬ ಹೆಣ್ಣಿಗೆ ಸರಾಸರಿ 1.18 ಮಕ್ಕಳು. ಗಾಲ್ಟನ್, ವಾಟ್ಸನ್ ಲೆಕ್ಕದಲ್ಲಿ ಇದು ಅಪರೂಪದ ಹೆಸರುಗಳ ಪಾಲಿಗೆ ಕಠಿಣ ಕಾಲ. ಹೆಸರು ತಂದೆಯಿಂದ ಮಾತ್ರ ದಾಟುವುದಾದರೆ ಬರುವ ಕೆಲವು ತಲೆಮಾರುಗಳಲ್ಲಿ ಸಾವಿರಾರು ಹೆಸರುಗಳು ಸದ್ದಿಲ್ಲದೆ ಮುಗಿಯಬಹುದು.

ಆ ನಿಯಮ ಈಗ ಬದಲಾಗಿದೆ. ಮಗುವಿಗೆ ತಾಯಿಯ ಹೆಸರು ಕೊಡಬಯಸಿದ ದಂಪತಿಯ ಮೊರೆ ಕೇಳಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರ ಜನವರಿಯಲ್ಲಿ ಇಟಲಿಯ ಕ್ರಮವನ್ನು ತಾರತಮ್ಯ ಎಂದಿತು. 2016ರಲ್ಲಿ ಇಟಲಿಯ ಸಂವಿಧಾನ ನ್ಯಾಯಾಲಯ ಇಬ್ಬರೂ ಒಪ್ಪಿದರೆ ತಾಯಿಯ ಹೆಸರನ್ನೂ ಸೇರಿಸಬಹುದು ಎಂದಿತು. 2022ರಲ್ಲಿ, 131ನೇ ತೀರ್ಪಿನಲ್ಲಿ, ತಂದೆಯ ಹೆಸರು ತಾನಾಗಿಯೇ ಬರುವ ಪದ್ಧತಿಯನ್ನೇ ಅಸಾಂವಿಧಾನಿಕವೆಂದು ಸಾರಿತು. ಈಗ ಮಗುವಿಗೆ ಇಬ್ಬರ ಹೆಸರೂ ಬರುತ್ತದೆ. ಬೇಕಿದ್ದರೆ ಒಪ್ಪಂದದಿಂದ ಒಂದನ್ನು ಮಾತ್ರ ಇಡಬಹುದು.

ಎರಡು ಹೆಸರಿನವರು ಎರಡು ಹೆಸರಿನವರನ್ನು ಮದುವೆಯಾದರೆ ಮಕ್ಕಳಿಗೆ ನಾಲ್ಕಾಗುತ್ತದೆಯಲ್ಲ? ಅದಕ್ಕೊಂದು ಕ್ರಮ ಕಟ್ಟಬೇಕೆಂದು ನ್ಯಾಯಾಲಯ ಶಾಸನಸಭೆಗೇ ಹೇಳಿದೆ. 2025ರ ಮಾರ್ಚ್‌ನಲ್ಲಿ ಸೆನೆಟರ್ ದಾರಿಯೊ ಫ್ರಾಂಚೆಸ್ಕಿನಿ ಇನ್ನು ಮುಂದೆ ತಾಯಿಯ ಹೆಸರನ್ನಷ್ಟೇ ಕೊಡೋಣ ಎಂದಾಗ ದೇಶವೆಲ್ಲ ಚರ್ಚೆಗೆ ಬಿದ್ದಿತು.

ಈ ಚರ್ಚೆಯಲ್ಲಿ ಅನಾಥಾಶ್ರಮದ ದಫ್ತರಗಳಿಗೆ ಒಂದು ಮಾತು ಹೇಳುವ ಹಕ್ಕಿದೆ. ಗುರುತು ಪರಿಚಯವಿಲ್ಲದ ಕೂಸಿಗೆ ಒಬ್ಬ ಗುಮಾಸ್ತ ಹೆಸರು ಕೊಡಬಲ್ಲವನಾಗಿದ್ದ. ಅದು ವಂಶವಾಗಿ ಬೆಳೆಯಿತು, ಶಿಲ್ಪದ ಕೆಳಗೆ ಸಹಿಯಾಯಿತು, ಪುಸ್ತಕದ ಮೇಲೆ ಅಚ್ಚಾಯಿತು. ರಕ್ತ ಹಂಚಿಕೊಳ್ಳದವನ ಕೈಬರಹವೂ ಮನೆತನವಾಗಬಹುದು ಎಂದು ಇಟಲಿ ಇನ್ನೂರು ವರ್ಷಗಳ ಹಿಂದೆಯೇ ಒಪ್ಪಿತ್ತು. ಅಷ್ಟು ಕಾಲವೂ, ಒಂಬತ್ತು ತಿಂಗಳು ಹೊತ್ತು ಹೆತ್ತ ವಿವಾಹಿತ ತಾಯಿಗೆ ಮಾತ್ರ ಆ ಅಧಿಕಾರ ಇರಲಿಲ್ಲ. ನ್ಯಾಯಾಲಯ ಆ ಅನ್ಯಾಯವನ್ನು ಗುರುತಿಸಿದೆ. ನಾಲ್ಕು ಹೆಸರಿನ ತೊಡಕನ್ನು ನೆಪಮಾಡಿಕೊಂಡು ಕಾಯುವುದು ಬೇಡ. ಅದನ್ನು ಬಿಡಿಸುವ ಕಾನೂನು ಆದಷ್ಟು ಬೇಗ ಬರಬೇಕು. ಅಪರೂಪದ ಹೆಸರುಗಳು ಉಳಿಯುವುದು ಅದರಿಂದ ಸಿಗುವ ಸಣ್ಣ ಲಾಭ. ಹೆಣ್ಣುಮಗಳು ಹುಟ್ಟಿದ ಮನೆಯಲ್ಲಿ ಹೆಸರು ಕೊನೆಯಾಯಿತೆಂಬ ಮಾತು ನಿಲ್ಲುವುದು ದೊಡ್ಡ ಲಾಭ.